ನೋವಿನ ಮಾತ್ರೆಯ ಚಟ: ಹತ್ತು ದಿನದ ಅಡ್ಮಿಷನ್ ಬಿಟ್ಟ ಮೇಲೆ ನನಗೆ ದಾರಿ ಸಿಕ್ಕಿತು

ಮೊನ್ನೆ ಭಾನುವಾರ ನಮ್ಮ ಕೇಂದ್ರದ ರಿಜಿಸ್ಟರ್ ಹಿಡಿದು ಕೂತು ಎಣಿಸಿದೆ. ಟ್ಯಾಪೆಂಟಡಾಲ್, ಟ್ರಮಡಾಲ್ ಅನ್ನುವ ಅಫೀಮಿನಂಥ ನೋವಿನ ಮಾತ್ರೆಗಳ ಚಟಕ್ಕೆ ಬುಪ್ರೆನಾರ್ಫಿನ್ ಶುರು ಮಾಡಿದವರು 40ರ ಹತ್ತಿರ. ಬುಪ್ರೆನಾರ್ಫಿನ್ ಕೂಡ ಅದೇ ಗುಂಪಿನದು, ಚಟದ ಮಾತ್ರೆಯ ಬದಲು ಕೊಟ್ಟು ಚಡಪಡಿಕೆ ತಡೆಯುವ ಔಷಧಿ. ವರ್ಷ ದಾಟಿಯೂ ತಪ್ಪದೆ ಬರುತ್ತಿರುವವರು 26 ಅಥವಾ 27. ಮಲೆನಾಡಿನ ಸಣ್ಣ ಊರಿನಲ್ಲಿ ನಾನೊಬ್ಬಳೇ ಸೈಕಿಯಾಟ್ರಿಸ್ಟ್, ಜೊತೆಗೆ ಇಬ್ಬರು ನರ್ಸ್. ಇಷ್ಟರಲ್ಲೇ ಮಾಡಿದ್ದೇವೆ. ನನಗಿದು ಹೆಮ್ಮೆಯ ವಿಷಯ. ನಾಲ್ಕು ವರ್ಷದ ಹಿಂದೆ ಒಂದು ಸಭೆಯಲ್ಲಿ ಈ ದಾರಿ ಹೇಳಿದಾಗ ಹಿರಿಯ ಡಾಕ್ಟರೊಬ್ಬರು, "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸ್ತಾ ಇದ್ದೀರಲ್ಲಮ್ಮಾ" ಅಂದಿದ್ದರು. ಈಗ ಅವರೇ ಕೇಸ್ ಕಳಿಸುತ್ತಾರೆ.

ನಮ್ಮಲ್ಲಿಗೆ ಬರುವವರು ಯಾರು ಅಂತ ಮೊದಲು ಹೇಳಬೇಕು. ಅಡಿಕೆ ಮರದಿಂದ ಬಿದ್ದು ಬೆನ್ನು ನೋಯಿಸಿಕೊಂಡವರು, ಲಾರಿ ಡ್ರೈವರ್‌ಗಳು, ಸಿಸೇರಿಯನ್ ಆದ ಮೇಲೆ ಸೊಂಟನೋವು ಬಿಡದ ಹೆಂಗಸರು. ಹೆಚ್ಚಿನವರ ಕಥೆ ಒಂದು ನಿಜವಾದ ಚೀಟಿಯಿಂದಲೇ ಶುರುವಾಗಿದೆ. ಐದು ದಿನಕ್ಕೆ ಬರೆದ ಮಾತ್ರೆಯನ್ನು ಅದೇ ಚೀಟಿ ತೋರಿಸಿ ಐದು ತಿಂಗಳು ತಗೊಂಡಿರುತ್ತಾರೆ. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯೊಳಗೆ ಬಂತು. ಅದು ಸಿಗುವುದು ಕಷ್ಟವಾಯಿತು, ನಮ್ಮ ಕಡೆ ಜನ ಟ್ಯಾಪೆಂಟಡಾಲ್‌ಗೆ ಹೊರಳಿದರು. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೆರಾಯಿನ್ ಬಳಸುವವರು ನೂರಕ್ಕೆ 1.14, ಔಷಧಿ ರೂಪದ ಓಪಿಯಾಯ್ಡ್ (ಅಫೀಮಿನ ಗುಂಪಿನ ಮಾತ್ರೆ) ಬಳಸುವವರು 0.96. ಎರಡೂ ಹೆಚ್ಚು ಕಡಿಮೆ ಒಂದೇ. ಆದರೂ ಈ ಎರಡನೆಯವರನ್ನು ನಾವು ಹುಡುಕುವುದೇ ಇಲ್ಲ, ಅಲ್ವಾ?

ಹುಡುಕುವುದು ಹೇಗೆ ಅಂದರೆ, ನಾನು ಚಟದಿಂದ ಮಾತು ಶುರು ಮಾಡುವುದಿಲ್ಲ. ಕಕ್ಕಸಿನಿಂದ ಶುರು ಮಾಡುತ್ತೇನೆ. "ಎಷ್ಟು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾಗುತ್ತೆ?" ಇದಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ. ಈ ಮಾತ್ರೆಗಳು ಮಲಬದ್ಧತೆ ತರುತ್ತವೆ, ಹಾಗಾಗಿ ಬೆನ್ನುನೋವಿನ ಮನುಷ್ಯ ನಾಲ್ಕು ದಿನಕ್ಕೊಮ್ಮೆ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆಮೇಲೆ ಕಣ್ಣಿನ ಪಾಪೆ, ಮಾತ್ರೆ ಮೈಯಲ್ಲಿದ್ದಾಗ ಕಿರಿದು, ಇಳಿದಾಗ ಅಗಲ. ಸಂಜೆಯ ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆಂದು ಕೂದಲು ನಿಲ್ಲುವುದು, ಇವೆಲ್ಲ ಮಾತ್ರೆ ಇಳಿಯುತ್ತಿರುವ ಲಕ್ಷಣ. "ಸಂಜೆಯಾದರೆ ನೆಗಡಿ ಆಗತ್ತೆ ಡಾಕ್ಟ್ರೇ, ಮಾತ್ರೆ ತಗೊಂಡ್ರೆ ಹೋಗತ್ತೆ" ಅಂತ ಒಬ್ಬ ಹೆಂಗಸು ಹೇಳಿದ್ದಳು. ಪಾಪ, ಅವಳಿಗೆ ಅದು ನೆಗಡಿಯೇ ಆಗಿತ್ತು.

ಫಿಟ್ಸ್ ಅಂತ ಬಂದವರನ್ನೂ ಕೇಳಿ. ಎಂಆರ್‌ಐ, ಇಇಜಿ ಎರಡೂ ಸರಿಯಿದ್ದ 24ರ ಹುಡುಗನಿಗೆ ಬೇರೊಂದು ಕಡೆ ವರ್ಷವಿಡೀ ಫಿಟ್ಸ್ ಮಾತ್ರೆ ಕೊಟ್ಟಿದ್ದರು. ಅವನು ದಿನಕ್ಕೆ ಹತ್ತೆಂಟು ಹೊಟ್ಟೆನೋವಿನ ಕ್ಯಾಪ್ಸೂಲ್ ನುಂಗುತ್ತಿದ್ದ, ಅದರೊಳಗೆ ಟ್ರಮಡಾಲ್ ಇತ್ತು. ಟ್ರಮಡಾಲ್ ದಿನಕ್ಕೆ 400 ಮಿಲಿಗ್ರಾಂ ದಾಟಿದರೆ ಫಿಟ್ಸ್ ಭಯ ಜಾಸ್ತಿ. ಹೊಟ್ಟೆನೋವಿಗೆ ಏನು ತಗೊಳ್ತೀಯಾ ಅಂತ ಅವನನ್ನು ಯಾರೂ ಕೇಳಿರಲಿಲ್ಲ.

ಮೂತ್ರದ ಸ್ಟ್ರಿಪ್ ನಂಬಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಅದು ಹಿಡಿಯುವುದು ಮಾರ್ಫಿನ್ ಗುಂಪನ್ನು. ಟ್ರಮಡಾಲ್, ಟ್ಯಾಪೆಂಟಡಾಲ್ ಅದಕ್ಕೆ ಸಿಗುವುದಿಲ್ಲ. ಸ್ಟ್ರಿಪ್ ನೆಗೆಟಿವ್ ಬಂತು, ಅಪ್ಪ ಖುಷಿಯಿಂದ ಮಗನನ್ನು ಕರೆದುಕೊಂಡು ಹೋದರು. ಎಂಟು ತಿಂಗಳು ಬಿಟ್ಟು ವಾಪಸ್ ಬಂದಾಗ ಹುಡುಗನ ಮೊಣಕೈ ಒಳಗೆ ಕೀವು ತುಂಬಿತ್ತು. ಮಾತ್ರೆ ಕರಗಿಸಿ ಚುಚ್ಚಿಕೊಳ್ಳಲು ಶುರು ಮಾಡಿದ್ದ. ಇನ್ನೊಂದು ಪ್ರಶ್ನೆ ಇದೆ, ಮೊದಲ ಐದು ನಿಮಿಷದಲ್ಲಿ ಕೇಳುವುದು. ಬರೆದರೆ ಉತ್ತರ ಕಲಿತುಕೊಂಡು ಬರುತ್ತಾರೆ, ಅದಕ್ಕೆ ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ನನ್ನ ಸೋಲುಗಳು. ಮೊದಲ ಎರಡು ವರ್ಷ ನಾನೂ ಎಲ್ಲರಂತೆ ಹತ್ತು ದಿನ ಅಡ್ಮಿಟ್ ಮಾಡುತ್ತಿದ್ದೆ. ಚಡಪಡಿಕೆಗೆ ಕ್ಲೋನಿಡಿನ್, ಭೇದಿಗೆ ಲೋಪೆರಮೈಡ್, ನಿದ್ದೆಗೊಂದು ಮಾತ್ರೆ. ಹತ್ತನೇ ದಿನ ಮುಖ ತೊಳೆದಂತೆ ಮನೆಗೆ ಹೋಗುತ್ತಿದ್ದರು. ಬಿಪಿ ಇಳಿದು ಬಚ್ಚಲಲ್ಲಿ ಒಬ್ಬರು ಬಿದ್ದಿದ್ದು ಬಿಟ್ಟರೆ ವಾರ್ಡಿನಲ್ಲಿ ದೊಡ್ಡ ತೊಂದರೆ ಆಗಲಿಲ್ಲ. ಆದರೆ ಮೂರು ವಾರ, ಹೆಚ್ಚೆಂದರೆ ಎರಡು ತಿಂಗಳು. ಆಮೇಲೆ ಮತ್ತೆ ಅದೇ. ಹಾಗೆ ಹೋದವರಲ್ಲಿ ಒಬ್ಬ ಗ್ಯಾರೇಜ್ ಹುಡುಗನಿದ್ದ. ಡಿಸ್ಚಾರ್ಜ್ ಆಗಿ ಹದಿನೈದು ದಿನಕ್ಕೆ ಯಾವುದೋ ಮದುವೆಯಲ್ಲಿ ಕುಡಿದು, ಮಾತ್ರೆಯನ್ನು ಹಳೆಯ ಲೆಕ್ಕದಲ್ಲೇ ತಗೊಂಡ. ಮೈ ಆ ಲೆಕ್ಕ ಮರೆತಿತ್ತು. ಬೆಳಿಗ್ಗೆ ಏಳಲಿಲ್ಲ. ಅವನ ಅಮ್ಮ ಆಸ್ಪತ್ರೆಗೆ ಬಂದು, "ನೀವು ಬಿಡಿಸಿದ್ದೀನಿ ಅಂದ್ರಲ್ಲ" ಅಂತ ಕೇಳಿದರು. ಅವತ್ತಿನಿಂದ ಔಷಧಿ ನಿಲ್ಲಿಸಿ ಸುಮ್ನೆ ಮನೆಗೆ ಕಳಿಸುವುದನ್ನು ನಾನು ಬಿಟ್ಟೆ.

ಬುಪ್ರೆನಾರ್ಫಿನ್–ನಲೋಕ್ಸೋನ್ ಹಿಡಿದ ಮೇಲೂ ಮೊದಲ ಪ್ರಯತ್ನವೇ ಕೆಟ್ಟಿತು. (ನಲೋಕ್ಸೋನ್ ಸೇರಿಸುವುದು ಯಾರೂ ಅದನ್ನು ಕರಗಿಸಿ ಚುಚ್ಚಿಕೊಳ್ಳದಿರಲಿ ಅಂತ.) ಲಾರಿ ಡ್ರೈವರ್ ಒಬ್ಬ, "ನಿನ್ನೆ ರಾತ್ರಿ ತಗೊಂಡಿದ್ದೇ ಕೊನೆ" ಅಂದ. ನಿಜವಾಗಿ ಬೆಳಿಗ್ಗೆ ನಾಲ್ಕು ಮಾತ್ರೆ ನುಂಗಿ ಬಂದಿದ್ದ. 2 ಮಿಲಿಗ್ರಾಂ ನಾಲಿಗೆ ಕೆಳಗೆ ಇಟ್ಟು ಮುಕ್ಕಾಲು ಗಂಟೆಗೆ ವಾಂತಿ, ಬೆವರು, ಕಾಲು ಸೆಳೆತ. ಹಳೆಯ ಮಾತ್ರೆ ಮೈಯಲ್ಲಿರುವಾಗಲೇ ಕೊಟ್ಟರೆ ಬುಪ್ರೆನಾರ್ಫಿನ್ ಅದನ್ನು ತಳ್ಳಿ ಒಮ್ಮೆಲೇ ಹೀಗೆ ಮಾಡುತ್ತದೆ. ಹೆಂಡತಿ ನನ್ನನ್ನು ಬೈದು ಕರೆದುಕೊಂಡು ಹೋದಳು. ಮತ್ತೆ ಬರಲಿಲ್ಲ. ಆಮೇಲೆ ನಾನು ಗಡಿಯಾರ ನಂಬುವುದು ಬಿಟ್ಟೆ. ಮಾತ್ರೆ ಇಳಿದಾಗಿನ ಲಕ್ಷಣಗಳಿಗೆ ಅಂಕ ಹಾಕುವ ಕೌಸ್ ಸ್ಕೋರ್ 12 ಆಗಬೇಕು, ಪಾಪೆ ಅಗಲ ಆಗಿರುವುದು ನನ್ನ ಕಣ್ಣಿಗೆ ಕಾಣಬೇಕು. ಅಲ್ಲಿಯವರೆಗೆ ಬೆಂಚಿನ ಮೇಲೆ ಕೂರಿಸುತ್ತೇನೆ. ಆಕಳಿಸಲಿ, ಗೊಣಗಲಿ. ಗಂಜಿ ಕೊಡುತ್ತೇವೆ. ಹೀಗೆ ಮಾಡಿದ ಮೇಲೆ ಒಬ್ಬರಿಗೂ ಹಾಗಾಗಿಲ್ಲ.

ನಮ್ಮ ಕಡೆಯದೇ ಇನ್ನೊಂದು ತೊಡಕು ಕವಳ, ಅಂದರೆ ಎಲೆ ಅಡಿಕೆ. ಒಬ್ಬರಿಗೆ 8 ಮಿಲಿಗ್ರಾಂ ಕೊಟ್ಟರೂ ಚಡಪಡಿಕೆ ನಿಲ್ಲಲಿಲ್ಲ. ನಮ್ಮ ನರ್ಸ್ ಹಿಂದೆಯೇ ಹೋಗಿ ನೋಡಿದಳು. ಮಾತ್ರೆ ಕರಗುವ ಮೊದಲೇ ಎಲೆ ಅಡಿಕೆ ಬಾಯಿಗೆ ಹಾಕಿ, ರಸದ ಜೊತೆ ಅದನ್ನೂ ಉಗಿಯುತ್ತಿದ್ದರು. ಈಗ ಮೊದಲು ಬಾಯಿ ಮುಕ್ಕಳಿಸಬೇಕು, ಹತ್ತು ನಿಮಿಷ ಎದುರಿಗೆ ಮಾತಿಲ್ಲದೆ ಕೂರಬೇಕು, ಅರ್ಧ ಗಂಟೆ ಕವಳ ಇಲ್ಲ. ಅದೇ ಮನುಷ್ಯನಿಗೆ 4 ಸಾಕಾಯಿತು. ನಮ್ಮಲ್ಲಿ ಹೆಚ್ಚಿನವರು 4ರಿಂದ 6ರಲ್ಲಿ ನಿಂತಿದ್ದಾರೆ.

ಮೊದಲ ವಾರ ದಿನಾ ಬರಬೇಕು. ಆಮೇಲೆ ಮೂರು ದಿನದ್ದು, ವಾರದ್ದು, ನಂಬಿಕೆ ಬಂದ ಮೇಲೆ ಎರಡು ವಾರದ್ದು ಮನೆಗೆ. ಖಾಲಿ ಸ್ಟ್ರಿಪ್ ತಂದು ಕೊಟ್ಟರೆ ಮಾತ್ರ ಹೊಸದು. ಆ ಸ್ಟ್ರಿಪ್ ಮೇಲೆ ನಾವೊಂದು ಗುರುತು ಹಾಕಿರುತ್ತೇವೆ, ಅದು ನಮ್ಮ ಗುಟ್ಟು. ಮಾತ್ರೆ ಮನೆಯಲ್ಲಿ ಯಾರ ಕೈಯಲ್ಲಿರಬೇಕು ಅನ್ನುವುದನ್ನು ರೋಗಿಯೇ ಹೇಳಬೇಕು. ಹೆಂಡತಿ ಅಂದುಕೊಂಡಿರುತ್ತೇವೆ. ಎಷ್ಟೋ ಜನ ಅತ್ತಿಗೆಯ ಅಥವಾ ದೊಡ್ಡ ಮಗಳ ಹೆಸರು ಹೇಳುತ್ತಾರೆ.

ದುಡ್ಡಿನ ಲೆಕ್ಕ ಹೇಳದಿದ್ದರೆ ಈ ಬರಹ ಯಾರಿಗೂ ಉಪಯೋಗವಿಲ್ಲ. ದಿನಕ್ಕೆ ಹದಿನೈದು ಮಾತ್ರೆ ನುಂಗುವವನಿಗೆ ಕದ್ದು ಕೊಳ್ಳುವ ಬೆಲೆಯಲ್ಲಿ 500 ರೂಪಾಯಿ ಆಗುತ್ತಿತ್ತು. ಕೂಲಿ 700. ಹೆಂಡತಿಯ ವಾಲೆ ಹೋಯಿತು, ಸಂಘದ ಸಾಲ ಬೆಳೆಯಿತು. ಹತ್ತು ದಿನದ ಅಡ್ಮಿಷನ್‌ಗೆ ನಮ್ಮಲ್ಲೇ 20 ಸಾವಿರದ ಮೇಲೆ ಖರ್ಚು, ಅದೂ ವರ್ಷಕ್ಕೆ ಎರಡು ಸಲ. ಈಗ ತಿಂಗಳಿಗೆ ಒಂದೂವರೆಯಿಂದ ಎರಡು ಸಾವಿರ, ನನ್ನ ಫೀಸೂ ಸೇರಿ. ನನಗೆ ಇದರಲ್ಲಿ ಲಾಭ ಇಲ್ಲ. ಮೊದಲ ವರ್ಷ ನರ್ಸ್ ಸಂಬಳಕ್ಕೆ ಕೈಯಿಂದಲೇ ಹಾಕಿದೆ, ಲಕ್ಷದ ಮೇಲೆ ಹೋಗಿರಬೇಕು.

ಒಂದು ಸಣ್ಣ ಪ್ರಯೋಗದ ಬಗ್ಗೆ ಹೇಳಬೇಕು. "ನೋವಿಗೇ ತಗೊಳ್ಳೋದು ಡಾಕ್ಟ್ರೇ" ಅನ್ನುವವರ ಜೊತೆ ವಾದ ಮಾಡಿ ಸಾಕಾಗಿತ್ತು. ಮನೆ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ ಅಂದೆ. ದಿನದ ಚೌಕದ ಮೇಲ್ಗಡೆ ನೋವು ಹತ್ತಕ್ಕೆ ಎಷ್ಟು, ಕೆಳಗಡೆ ಮಾತ್ರೆ ಎಷ್ಟು. ಒಂಬತ್ತು ಜನ ತಿಂಗಳು ಪೂರ್ತಿ ಬರೆದರು. ನಾಲ್ಕು ಮಾತ್ರೆಯ ದಿನವೂ ನೋವು ಏಳು, ಹನ್ನೆರಡು ಮಾತ್ರೆಯ ದಿನವೂ ಏಳು. ಅದನ್ನು ತಾವೇ ನೋಡಿದ ಮೇಲೆ ಆರು ಜನ ಅಲ್ಲೇ ಕೂತು, ಮಾತ್ರೆ ತಗೊಳ್ಳುತ್ತಿರುವುದು ನೋವಿಗಲ್ಲ ಅಂತ ಒಪ್ಪಿದರು. ಜಾಸ್ತಿ ದಿನ ತಿಂದರೆ ಈ ಮಾತ್ರೆಗಳೇ ನೋವು ಹೆಚ್ಚು ಮಾಡಬಲ್ಲವು. ಅದನ್ನು ನಾನು ಬಾಯಿಮಾತಿನಲ್ಲಿ ಎಷ್ಟು ಹೇಳಿದ್ದರೂ ಅವರು ಕೇಳಿರಲಿಲ್ಲ. ಚಟದ ಮಾತ್ರೆ ತಗೊಂಡರೂ ಹತ್ತದಂತೆ ತಡೆಯುವ ನಾಲ್ಟ್ರೆಕ್ಸೋನ್ ಕೂಡ ಮೂವರಿಗೆ ಕೊಟ್ಟು ನೋಡಿದೆ. ಅದನ್ನು ಶುರು ಮಾಡುವ ಮೊದಲು ವಾರ, ಹತ್ತು ದಿನ ಏನೂ ಇಲ್ಲದೆ ಇರಬೇಕಲ್ಲ, ಇಬ್ಬರು ಅಲ್ಲೇ ಜಾರಿದರು. ಒಬ್ಬ ಮೇಷ್ಟ್ರು ಮಾತ್ರ ನಿಂತರು.

ಚುಚ್ಚಿಕೊಳ್ಳುವ ಹುಡುಗರಲ್ಲಿ ನನ್ನ ಫಲಿತಾಂಶ ಅಷ್ಟು ಚೆನ್ನಾಗಿಲ್ಲ. ಬಿಟ್ಟು ಹೋದವರಲ್ಲಿ ಅವರೇ ಹೆಚ್ಚು. ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆ ಮೊದಲ ದಿನವೇ ಮಾಡಿಸಿ, ಎರಡನೇ ದಿನ ಬರುತ್ತಾರೆ ಅಂತ ಕಾಯಬೇಡಿ. ದೂರದ ಹಳ್ಳಿಯವರಿಗೆ ರಾತ್ರಿ ಹೊತ್ತು ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದ ಚೀಟಿ ಕೊಡುತ್ತೇವೆ. ಮೂರ್ನಾಲ್ಕು ಜನ ಅದಕ್ಕೆ ಫೋನ್ ಮಾಡಿ ಆ ರಾತ್ರಿ ದಾಟಿದ್ದಾರೆ.

ನನ್ನ ಮೊದಲ ಅಡಿಕೆ ತೋಟದ ರೋಗಿ ಈಗ ಮೂರು ವರ್ಷದಿಂದ ಬರುತ್ತಿದ್ದಾನೆ. ಮರ ಹತ್ತುವುದು ಬಿಟ್ಟ, ಕೊಯ್ಲಿನಲ್ಲಿ ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ. ವಾಲೆ ಬಿಡಿಸಿಕೊಂಡು ಬಂದ ದಿನ ಹೆಂಡತಿಗೆ ಹಾಕಿಸಿ ನನಗೆ ತೋರಿಸಲು ಕರೆದುಕೊಂಡು ಬಂದಿದ್ದ. ಈಗ 2 ಮಿಲಿಗ್ರಾಂನಲ್ಲಿದ್ದಾನೆ. ಅರ್ಧ ಮಾಡೋಣವೇನೋ ಮಾರಾಯ ಅಂತ ಹೋದ ತಿಂಗಳು ಕೇಳಿದೆ. "ಕೊಯ್ಲು ಮುಗೀಲಿ ಡಾಕ್ಟ್ರೇ, ಈಗ ಬೇಡ" ಅಂದ. ಸರಿ ಅಂದಿದ್ದೇನೆ.