ವರ್ಗಾಯಿಸಿಕೊಂಡ ಬಾಕಿ ಹಣದ ದಾವೆ: ಮೇಲ್ಮನವಿ ಸಲ್ಲಿಸುವ ಮುನ್ನ

ಮಲ್ಪೆಯ ಮೀನು ವ್ಯಾಪಾರಿಯೊಬ್ಬರು ತಮಗೆ ಖರೀದಿದಾರರಿಂದ ಬರಬೇಕಾದ ಎರಡು ಲಕ್ಷ ರೂಪಾಯಿಯ ವಸೂಲಿ ಹಕ್ಕನ್ನು ಐಸ್ ಪ್ಲಾಂಟಿನ ಮಾಲೀಕರಿಗೆ ಬರೆದುಕೊಟ್ಟರು ಎಂದಿಟ್ಟುಕೊಳ್ಳೋಣ. ಖರೀದಿದಾರರು ಹಣವನ್ನು ಈಗಾಗಲೇ ವ್ಯಾಪಾರಿಗೆ ಕೊಟ್ಟಾಗಿದೆ ಎಂದರು. ಉಡುಪಿಯ ನ್ಯಾಯಾಲಯ ಅದನ್ನು ನಂಬಿ ಮಾಲೀಕರ ದಾವೆಯನ್ನು ವಜಾ ಮಾಡಿತು.

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 130ನೇ ಕಲಮಿನಂತೆ ಇಂಥ ವರ್ಗಾವಣೆಗೆ ವರ್ಗಾಯಿಸಿದವರ ಸಹಿಯುಳ್ಳ ಪತ್ರ ಬೇಕು. ಪತ್ರವಿದ್ದರೂ, ವರ್ಗಾವಣೆಯ ವಿಷಯ ತಿಳಿಯುವ ಮೊದಲೇ ಖರೀದಿದಾರರು ವ್ಯಾಪಾರಿಗೆ ಪಾವತಿಸಿದ ಹಣ ಸಲ್ಲುತ್ತದೆ. ಆದ್ದರಿಂದ ಪಾವತಿಯ ರಸೀದಿ ಮತ್ತು ವರ್ಗಾವಣೆಯ ನೋಟಿಸ್ ಖರೀದಿದಾರರಿಗೆ ತಲುಪಿದ ಅಂಚೆ ಸ್ವೀಕೃತಿ, ಈ ಎರಡು ಕಾಗದಗಳ ದಿನಾಂಕವನ್ನು ಮೊದಲು ಅಕ್ಕಪಕ್ಕ ಇಟ್ಟು ನೋಡಿ.

ಮೊದಲ ಮೇಲ್ಮನವಿಯಲ್ಲಿ ಸಂಗತಿ, ಕಾನೂನು ಎರಡನ್ನೂ ಪ್ರಶ್ನಿಸಬಹುದು. ಆದರೆ ಅಂಚೆ ಸ್ವೀಕೃತಿಯನ್ನು ಮನೆಯಲ್ಲೇ ಇಟ್ಟುಕೊಂಡು ವಿಚಾರಣೆ ಮುಗಿಸಿದವರಿಗೆ ಇಲ್ಲಿ ಸುಲಭವಾಗಿ ದಾರಿ ಸಿಗುವುದಿಲ್ಲ: ಕೆಳಗಿನ ನ್ಯಾಯಾಲಯ ಅದನ್ನು ತಪ್ಪಾಗಿ ನಿರಾಕರಿಸಿತ್ತು, ಎಷ್ಟೇ ಶ್ರದ್ಧೆಯಿಂದ ಹುಡುಕಿದರೂ ಆಗ ಸಿಕ್ಕಿರಲಿಲ್ಲ, ಅಥವಾ ತೀರ್ಪು ನೀಡಲು ಮೇಲ್ಮನವಿ ನ್ಯಾಯಾಲಯಕ್ಕೇ ಅದು ಬೇಕೆನಿಸಿತು ಎಂಬ ಕಾರಣಗಳಲ್ಲಿ ಒಂದಾದರೂ ಇರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 27ನೇ ನಿಯಮ ಹೇಳುತ್ತದೆ.

ಎರಡನೇ ಮೇಲ್ಮನವಿಯ ಬಾಗಿಲು ಇನ್ನೂ ಕಿರಿದು. ಅದೇ ಸಂಹಿತೆಯ 100ನೇ ಕಲಮಿನಡಿ ಹೈಕೋರ್ಟ್ ಮಹತ್ವದ ಕಾನೂನಿನ ಪ್ರಶ್ನೆಯನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ಮತ್ತು ಆ ಪ್ರಶ್ನೆಯನ್ನು ಮೇಲ್ಮನವಿಯಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ನೋಟಿಸ್ ಯಾವ ದಿನ ತಲುಪಿತು ಎಂಬುದು ಸಂಗತಿ; ದಾಖಲೆಯಲ್ಲಿದ್ದ ಸ್ವೀಕೃತಿಯನ್ನು ಎರಡೂ ನ್ಯಾಯಾಲಯಗಳು ಗಮನಿಸಲೇ ಇಲ್ಲ ಎಂಬುದು ಕಾನೂನಿನ ಪ್ರಶ್ನೆಯಾಗಬಲ್ಲದು. ಸಾಕ್ಷಿಯನ್ನು ನಂಬಿದ್ದು ತಪ್ಪು ಎಂದು ಪುಟಗಟ್ಟಲೆ ಬರೆದು ಬೆಂಗಳೂರಿನವರೆಗೆ ಹೋಗುವುದು ಕಕ್ಷಿದಾರರ ಹಣಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ವಸೂಲಿಯ ಮೊತ್ತ 25,000 ರೂಪಾಯಿ ಮೀರದಿದ್ದರೆ ಎರಡನೇ ಮೇಲ್ಮನವಿಯೇ ಇಲ್ಲ.

ಹೈಕೋರ್ಟಿಗೆ 90 ದಿನ, ಉಳಿದ ನ್ಯಾಯಾಲಯಗಳಿಗೆ 30 ದಿನಗಳ ಗಡುವಿದೆ. ವ್ಯಾಜ್ಯ ವಾಣಿಜ್ಯ ಸ್ವರೂಪದ್ದಾಗಿದ್ದು ಮೌಲ್ಯ ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮದಂತೆ 60 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಅಗತ್ಯವಾಗಿ ತಗಲಿದ ಅವಧಿ ಗಡುವಿನಲ್ಲಿ ಸೇರುವುದಿಲ್ಲ. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ನಕಲಿನ ಮೇಲೆಯೇ ನಮೂದಾಗಿರುತ್ತವೆ, ಅವನ್ನು ನೋಡಿಯೇ ದಿನ ಎಣಿಸಿ.