ಆ ಪೀಕ್ ಉಪ್ಪಾಗೆಯದ್ದಲ್ಲ, ಕ್ಯಾನಿನದ್ದು

ತೀರ್ಥಹಳ್ಳಿ ಕಡೆಯ ಉಪ್ಪಾಗೆ ಸಿಪ್ಪೆಯ ಸಾರವನ್ನು ಹೆಕ್ಸೇನ್ ಅನ್ನೋ ಸಾಲ್ವೆಂಟ್‌ನಲ್ಲಿ (ದ್ರಾವಕ) ತೆಗೆದು, ಅದರೊಳಗಿನ ವಸ್ತುಗಳನ್ನು ಬೇರ್ಪಡಿಸುವ ಕಾಲಮ್‌ಗೆ ಹಾಕಿದಾಗ ಒಂದು ಫ್ರ್ಯಾಕ್ಷನ್ (ಬೇರ್ಪಟ್ಟ ಭಾಗ) ತುಂಬಾ ಸ್ವಚ್ಛವಾಗಿ ಇಳಿಯಿತು. ಅದನ್ನು ಸಿಡಿಸಿಎಲ್3ಯಲ್ಲಿ (ಎನ್‌ಎಂಆರ್‌ಗೆ ಬಳಸುವ ಒಂದು ಬಗೆಯ ಕ್ಲೋರೋಫಾರ್ಮ್) ಕರಗಿಸಿ, ಅಣುವಿನ ಹೈಡ್ರೋಜನ್‌ಗಳನ್ನು ಪೀಕ್‌ಗಳಾಗಿ ತೋರಿಸುವ ಪ್ರೋಟಾನ್ ಎನ್‌ಎಂಆರ್ ತೆಗೆಸಿದರೆ 7.71, 7.53, 4.22 ಪಿಪಿಎಂಗೆ ಪೀಕ್‌ಗಳು, ಜೊತೆಗೆ 0.9ರ ಹತ್ತಿರ ಒಂದು ಗುಂಪು. ಮೊದಲ ಮೂರರ ಇಂಟಿಗ್ರೇಷನ್, ಅಂದರೆ ಹೈಡ್ರೋಜನ್‌ಗಳ ಅನುಪಾತ, 2:2:4. ಹೊಸ ಕಾಂಪೌಂಡ್ ಸಿಕ್ಕಿತು ಅಂತ ಲ್ಯಾಬ್‌ನಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಥ್ಯಾಲೇಟ್ ಇರಬೇಕು ಅನ್ನಿಸಿತು, ಪ್ಲಾಸ್ಟಿಕ್ ಮೆದುವಾಗಲು ಹಾಕುತ್ತಾರಲ್ಲ, ಅದು.

ಬ್ಲ್ಯಾಂಕ್, ಅಂದರೆ ಸ್ಯಾಂಪಲ್ ಇಲ್ಲದ ಬರೀ ಸಾಲ್ವೆಂಟ್‌ನ ಎನ್‌ಎಂಆರ್, ತೆಗೆಸೋಣ ಅಂದೆ. ಆಗ ಹೊರಗೆ ಒಂದು ಸ್ಯಾಂಪಲ್‌ಗೆ 600 ರೂಪಾಯಿ ಹತ್ತಿರ ಇತ್ತು. "ಬರೀ ಸಾಲ್ವೆಂಟ್‌ಗೆ ಯಾರಪ್ಪಾ ದುಡ್ಡು ಸುರಿತಾರೆ?" ಅಂದರು ಸೀನಿಯರ್. ನನ್ನ ಜೇಬಿನಿಂದಲೇ ಕೊಟ್ಟೆ. ಸಿಡಿಸಿಎಲ್3ಗೆ ನಾಲ್ಕು ಹನಿ ಹೆಕ್ಸೇನ್ ಬೆರೆಸಿ ಕಳಿಸಿದ ಮೊದಲ ಬ್ಲ್ಯಾಂಕ್‌ನಲ್ಲಿ 0.88, 1.26ರ ಹೆಕ್ಸೇನ್ ಪೀಕ್‌ಗಳೇ ಎಲ್ಲವನ್ನೂ ನುಂಗಿದವು. "ಏನೂ ಇಲ್ಲ, ನೋಡು" ಅಂದರು ಸೀನಿಯರ್.

ಆದರೆ ಕಾಲಮ್‌ಗೆ ನಾವು ಸುರಿಯೋದು ಹನಿ ಅಲ್ಲ, ಲೀಟರ್‌ಗಟ್ಟಲೆ ಅಲ್ವಾ? ಕಾಲಮ್‌ಗೆ ಬಳಸಿದ ಅದೇ ಕ್ಯಾನಿನಿಂದ ಒಂದು ಲೀಟರ್ ಹೆಕ್ಸೇನ್ ತಗೊಂಡು, ಸಾಲ್ವೆಂಟ್ ಆವಿ ಮಾಡಿ ತೆಗೆಯುವ ರೋಟಾವೇಪರ್‌ನಲ್ಲಿ ಪೂರ್ತಿ ಇಳಿಸಿದೆ. ಫ್ಲಾಸ್ಕ್ ಓರೆ ಮಾಡಿ ಬೆಳಕಿಗೆ ಹಿಡಿದರೆ ತಳದಲ್ಲಿ ಎಣ್ಣೆಯ ತೆಳು ಪದರ, ನಿಧಾನಕ್ಕೆ ಜಾರುತ್ತಿತ್ತು. ಅದನ್ನೇ ಸಿಡಿಸಿಎಲ್3ಯಲ್ಲಿ ಕರಗಿಸಿ ಕಳಿಸಿದೆ. 7.71, 7.53, 4.22, ಚಾಚೂ ತಪ್ಪದೆ ಬಂದವು! ಆಮೇಲೆ ಯಾರೂ ಮಾತಾಡಲಿಲ್ಲ.

ಪರಿಹಾರ ಸುಲಭ. ಹೆಕ್ಸೇನ್ 69 ಡಿಗ್ರಿಗೆ ಕುದಿಯುತ್ತೆ, ಥ್ಯಾಲೇಟ್ 300 ದಾಟಬೇಕು. ಡಿಸ್ಟಿಲ್ ಮಾಡಿದರೆ ಅದು ತಳದಲ್ಲೇ ಉಳಿಯುತ್ತೆ. ಆಮೇಲೆ ಗಾಜಿನ ಬಾಟಲಿಯಲ್ಲೇ ಇಡಿ. ಪಿವಿಸಿ ಟ್ಯೂಬ್ ಸಾಲ್ವೆಂಟ್‌ಗೆ ತಾಗಬಾರದು. 

ಈ ಗಡಿಬಿಡಿಯಲ್ಲೇ ನೀರಿನ ಪೀಕ್ ಮೇಲೂ ಕೈ ಹಾಕಿದೆ. ಮಲೆನಾಡಿನ ಮಳೆಗಾಲದಲ್ಲಿ ಸಿಡಿಸಿಎಲ್3 ಬಾಟಲಿ ಪದೇ ಪದೇ ತೆರೆದರೆ 1.56ರ ನೀರು ದಿನದಿನಕ್ಕೆ ಬೆಳೆಯುತ್ತೆ. 300 ಡಿಗ್ರಿಯಲ್ಲಿ ಒಣಗಿಸಿದ, ನೀರು ಹೀರುವ ಮಾಲಿಕ್ಯುಲರ್ ಸೀವ್ ಹಾಕಿಟ್ಟೆ, ಮುಕ್ಕಾಲು ಪಾಲು ಇಳಿಯಿತು. ಪೈಪೆಟ್‌ಗೆ ಹತ್ತಿ ತುರುಕಿ ಸೋಸಲೇಬೇಕು, ಇಲ್ಲದಿದ್ದರೆ ಸೀವ್‌ನ ಪುಡಿ ಎನ್‌ಎಂಆರ್ ಟ್ಯೂಬಿಗೆ ಇಳಿದು ಶಿಮ್ (ಕಾಂತಕ್ಷೇತ್ರವನ್ನು ಸಮ ಮಾಡುವ ಹೊಂದಾಣಿಕೆ) ಕೆಡುತ್ತೆ. ಅಸಿಟೋನ್‌ನಲ್ಲಿ ತೊಳೆದ ಟ್ಯೂಬ್ ಸರಿಯಾಗಿ ಒಣಗದಿದ್ದರೆ 2.17ಕ್ಕೆ ಪೀಕ್ ಗ್ಯಾರಂಟಿ.

ಈಗ ಹೊಸ ಕ್ಯಾನ್ ಬಂದಾಗೆಲ್ಲ ನಮ್ಮಲ್ಲಿ ಮೊದಲು ಒಂದು ಲೀಟರ್ ಇಳಿಸಿ ನೋಡುತ್ತಾರೆ. ಬ್ಲ್ಯಾಂಕ್‌ನ ದುಡ್ಡನ್ನೂ ಲ್ಯಾಬ್‌ನಿಂದಲೇ ಕೊಡುತ್ತಾರೆ.