ಹೈ ವೋಲ್ಟೇಜ್ ಸಪ್ಲೈ: ಆಫ್ ಮಾಡಿದ ಮೇಲೆ ಏನು ಮಾಡಬೇಕು?

ಹೈ ವೋಲ್ಟೇಜ್ ಸಪ್ಲೈ ಆನ್ ಇರುವಾಗ ಎಲ್ಲರೂ ಹುಷಾರಾಗಿರುತ್ತಾರೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಇನ್ನೇನು ಭಯ ಅಂತ ಒಳಗೆ ಕೈ ಹಾಕುತ್ತಾರೆ ನೋಡಿ, ಶಾಕ್ ಹೊಡೆಯುವುದು ಆಗ. ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗೆ ಪ್ಲಗ್ ಕಿತ್ತದ್ದು ಗೊತ್ತಾಗುವುದಿಲ್ಲ. ಹಾಗಾಗಿ ಈ ಲೇಖನದ ಬಹುಪಾಲು ಆಫ್ ಮಾಡುವುದರ ಬಗ್ಗೆಯೇ.

ಉದಾಹರಣೆಗೆ ವಾಲ್ವ್ (ಹಳೇ ಕಾಲದ ಗಾಜಿನ ಕೊಳವೆ) ಆಂಪ್ಲಿಫೈಯರ್‌ಗೆ ಬೇಕಾದ ಸುಮಾರು 350 ವೋಲ್ಟ್ ಡಿಸಿ ಸಪ್ಲೈ ತೆಗೆದುಕೊಳ್ಳೋಣ. ಮೇನ್ಸ್ ವೈರಿಂಗ್ ಮಾಡಿ ಅಭ್ಯಾಸವಿಲ್ಲದವರು ಇದರಿಂದ ಶುರು ಮಾಡಬೇಡಿ. ಮೊದಲು 12 ವೋಲ್ಟ್ ಸಪ್ಲೈಗಳನ್ನು ಕಟ್ಟಿ ಕೈ ಪಳಗಿಸಿಕೊಳ್ಳಿ.

ಮೊದಲ ಹಂತ ಟ್ರಾನ್ಸ್‌ಫಾರ್ಮರ್. ಸೆಕೆಂಡರಿ, ಅಂದರೆ ಔಟ್‌ಪುಟ್ ಸುರುಳಿ, 250 ವೋಲ್ಟ್ ಇರಲಿ, ಮೇನ್ಸ್‌ಗೆ ಸೇರುವ ಪ್ರೈಮರಿಯಿಂದ ಪೂರ್ತಿ ಬೇರೆಯಾಗಿರಲಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಮೇನ್ಸ್‌ನಿಂದಲೇ ಡಿಸಿ ಮಾಡುವ ಸರ್ಕ್ಯೂಟ್‌ಗಳನ್ನು ನೋಡಿದರೆ ಪುಟ ತಿರುಗಿಸಿ ಮುಂದೆ ಹೋಗಿ. ಹಳೆಯ ಮೈಕ್ರೋವೇವ್ ಓವನ್‌ನಿಂದ ಕಿತ್ತ ಟ್ರಾನ್ಸ್‌ಫಾರ್ಮರ್ ಅಂತೂ ಬೇಡವೇ ಬೇಡ. ಅದು ಸುಮಾರು 2,000 ವೋಲ್ಟನ್ನು ನೂರಾರು ಮಿಲಿಆಂಪ್ ಸಮೇತ ಕೊಡುತ್ತದೆ. ಹೃದಯದ ಬಡಿತ ಕೆಡಿಸಲು ಕೆಲವೇ ಹತ್ತು ಮಿಲಿಆಂಪ್ ಸಾಕು. ತಪ್ಪಾದರೆ ಎರಡನೇ ಅವಕಾಶ ಸಿಗುವುದಿಲ್ಲ.

ಎಸಿಯನ್ನು ಡಿಸಿ ಮಾಡಲು ನಾಲ್ಕು 1ಎನ್4007 ಡಯೋಡ್‌ಗಳ ಬ್ರಿಡ್ಜ್ ಸಾಕು. ಫ್ಯೂಸ್ ಎರಡಿರಲಿ: ಪ್ರೈಮರಿಯಲ್ಲೊಂದು, ಸೆಕೆಂಡರಿಯಲ್ಲಿ ಬ್ರಿಡ್ಜ್‌ಗೆ ಮುಂಚೆ ಇನ್ನೊಂದು. ಬ್ರಿಡ್ಜ್ ಆದಮೇಲೆ ಹಾಕಬೇಡಿ. 250 ವೋಲ್ಟ್ ಎಸಿಗೆ ಮಾಡಿದ ಫ್ಯೂಸ್ 350 ವೋಲ್ಟ್ ಡಿಸಿಯಲ್ಲಿ ಸುಟ್ಟರೂ ಒಳಗಿನ ಕಿಡಿ ಆರದೆ ಕರೆಂಟ್ ಹರಿಯುತ್ತಲೇ ಇರಬಹುದು.

ಕೆಪಾಸಿಟರ್ ಆರಿಸುವಾಗ ಸ್ವಲ್ಪ ಲೆಕ್ಕ ಮಾಡಿ. ಕೆಪಾಸಿಟರ್ ಎಸಿಯ ತುತ್ತತುದಿಯ ವೋಲ್ಟೇಜಿನವರೆಗೆ ಚಾರ್ಜ್ ಆಗುತ್ತದೆ: 250ನ್ನು 1.414ರಿಂದ ಗುಣಿಸಿದರೆ 353. ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಹತ್ತು ಪರ್ಸೆಂಟ್ ಜಾಸ್ತಿ ಕೊಟ್ಟರೆ 390 ಹತ್ತಿರ. ಮೇನ್ಸ್ ಕೂಡ ಹತ್ತು ಪರ್ಸೆಂಟ್ ಏರಿದರೆ 430 ಹತ್ತಿರ. 450 ವೋಲ್ಟಿನದು ಸಾಕು ಎನ್ನುವವರಿದ್ದಾರೆ. ನಾನು 500ಕ್ಕಿಂತ ಕೆಳಗೆ ಇಳಿಯುವುದಿಲ್ಲ. ತೀರಾ ಅಗ್ಗಕ್ಕೆ ಸಿಗುವ ದೊಡ್ಡ ಕೆಪಾಸಿಟರ್‌ಗಳ ಮೇಲೆ ಬರೆದದ್ದೆಲ್ಲ ನಿಜವಲ್ಲ, ಹಳೆಯದಕ್ಕೆ ಹೊಸ ಲೇಬಲ್ ಸುತ್ತಿ ಮಾರುವವರೂ ಇದ್ದಾರೆ.

ಈಗ ಮುಖ್ಯ ವಿಷಯ. 100 ಮೈಕ್ರೋಫ್ಯಾರಡ್ ಕೆಪಾಸಿಟರ್ 353 ವೋಲ್ಟಿನಲ್ಲಿ 6 ಜೂಲ್‌ಗಿಂತ ಜಾಸ್ತಿ ಶಕ್ತಿ ಹಿಡಿದಿರುತ್ತದೆ. ಅದು ಹೋಗಲು ದಾರಿ ಬೇಕು. ಆ ದಾರಿಯೇ ಬ್ಲೀಡರ್ ರೆಸಿಸ್ಟರ್. 47 ಕಿಲೋಓಮ್, 2 ವ್ಯಾಟಿನ ಎರಡನ್ನು ಸೀರೀಸ್‌ನಲ್ಲಿ ಸೇರಿಸಿ ಕೆಪಾಸಿಟರ್‌ಗೆ ಅಡ್ಡ, ಅಂದರೆ ಅದರ ಎರಡು ಕಾಲುಗಳ ನಡುವೆ, ಹಾಕಿ. ಒಂದೇ ದೊಡ್ಡ ರೆಸಿಸ್ಟರ್ ಯಾಕೆ ಬೇಡ? ರೆಸಿಸ್ಟರ್‌ಗೂ ವೋಲ್ಟೇಜ್ ಮಿತಿ ಇದೆ. ಸಾಮಾನ್ಯ ಕಾಲು ವ್ಯಾಟಿನದಕ್ಕೆ ಅದು 250 ವೋಲ್ಟ್ ಆಸುಪಾಸು. ವ್ಯಾಟ್ ನೋಡಿ ವೋಲ್ಟ್ ಮರೆಯುವವರೇ ಜಾಸ್ತಿ.

ಈ ಜೋಡಿ 390 ವೋಲ್ಟನ್ನು ಸುಮಾರು 24 ಸೆಕೆಂಡಿನಲ್ಲಿ 30ಕ್ಕೆ ಇಳಿಸುತ್ತದೆ, 47 ಸೆಕೆಂಡಿಗೆ 3 ವೋಲ್ಟಿಗಿಂತ ಕೆಳಗೆ. ಆದರೆ ಒಂದು ರೆಸಿಸ್ಟರ್ ಸುಟ್ಟು ಓಪನ್ ಆದರೆ ಜೋಡಿಯೇ ಸತ್ತಂತೆ. ಅದಕ್ಕೇ ಇಂಥದ್ದೇ ಇನ್ನೊಂದು ಜೋಡಿಯನ್ನು ಪ್ಯಾರಲಲ್ ಆಗಿ ಹಾಕಿ. ಎರಡನ್ನೂ ನೇರ ಕೆಪಾಸಿಟರ್ ಕಾಲಿಗೇ ಬೆಸುಗೆ ಮಾಡಿ. ನಡುವೆ ಸ್ವಿಚ್ಚೂ ಬೇಡ, ಕನೆಕ್ಟರೂ ಬೇಡ.

ವೋಲ್ಟೇಜ್ ಇದೆ ಎಂದು ತೋರಿಸಲು ಹಾಕುವ ನಿಯಾನ್ ದೀಪ ಆರಿತು ಅಂದರೆ ಸುರಕ್ಷಿತ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಸುಮಾರು 60 ವೋಲ್ಟ್ ಉಳಿದಿರುವಾಗಲೇ ನಿಯಾನ್ ಆರಿಬಿಡುತ್ತದೆ.

ಬ್ಲೀಡರ್ ಇದ್ದರೂ ಒಳಗೆ ಕೈ ಹಾಕುವ ಮುನ್ನ ಕ್ರಮ ಹೀಗಿರಲಿ. ಪ್ಲಗ್ ಕಿತ್ತು ಎದುರಿಗೆ ಕಾಣುವಂತೆ ಇಡಿ. ಒಂದು ನಿಮಿಷ ಕಾಯಿರಿ. ಗೊತ್ತಿರುವ ಬ್ಯಾಟರಿಯಲ್ಲಿ ಮಲ್ಟಿಮೀಟರ್ ಪರೀಕ್ಷಿಸಿ, ಕೆಪಾಸಿಟರ್ ಅಳೆಯಿರಿ, ಮತ್ತೆ ಬ್ಯಾಟರಿ ಅಳೆಯಿರಿ. ಕೆಟ್ಟ ಮೀಟರೂ ಸೊನ್ನೆಯನ್ನೇ ತೋರಿಸುತ್ತದೆ. ವೋಲ್ಟೇಜ್ ಉಳಿದಿದ್ದರೆ ಡಿಸ್ಚಾರ್ಜ್ ಕೋಲು ಬಳಸಿ: ಉದ್ದದ ಪ್ಲಾಸ್ಟಿಕ್ ಕೋಲಿನ ತುದಿಗೆ 2.2 ಕಿಲೋಓಮ್, 10 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರ್, ಅದರಿಂದ ಹೊರಟ ವೈರಿಗೆ ಕ್ಲಿಪ್. ಕ್ಲಿಪ್ಪನ್ನು ಮೊದಲು ನೆಗೆಟಿವ್‌ಗೆ ಹಾಕಿ, ಆಮೇಲೆ ಕೋಲಿನ ತುದಿಯನ್ನು ಪಾಸಿಟಿವ್‌ಗೆ ಮುಟ್ಟಿಸಿ ಕೆಲವು ಸೆಕೆಂಡ್ ಹಿಡಿಯಿರಿ.

ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವುದು ಎಲ್ಲರಿಗೂ ಗೊತ್ತಿರುವ ಶಾರ್ಟ್‌ಕಟ್. ಕ್ಷಣಮಾತ್ರಕ್ಕೆ ನೂರಾರು ಆಂಪ್ ಹರಿದು ಕರಗಿದ ಲೋಹ ಕಣ್ಣಿನತ್ತ ಸಿಡಿಯಬಹುದು, ಕೆಪಾಸಿಟರೂ ಹಾಳು. ಮಾಡಬೇಡಿ.

ಇನ್ನೊಂದು ತಮಾಷೆ ಇದೆ. ಖಾಲಿ ಮಾಡಿದ ಕೆಪಾಸಿಟರ್ ಸುಮ್ನೆ ಬಿಟ್ಟರೆ ತಾನಾಗಿಯೇ ಸ್ವಲ್ಪ ವೋಲ್ಟೇಜ್ ಮತ್ತೆ ಕಟ್ಟಿಕೊಳ್ಳುತ್ತದೆ. ಒಳಗಿನ ಡೈಎಲೆಕ್ಟ್ರಿಕ್ (ಪ್ಲೇಟುಗಳ ನಡುವಿನ ನಿರೋಧಕ ಪದರ) ಹೀರಿಕೊಂಡಿದ್ದ ಚಾರ್ಜ್ ನಿಧಾನಕ್ಕೆ ಹೊರಬರುವುದರಿಂದ ಹೀಗಾಗುತ್ತದೆ. ಕೆಲಸ ಮುಗಿಯುವವರೆಗೂ ಕ್ಲಿಪ್ ಇರುವ ರೆಸಿಸ್ಟರ್ ಒಂದನ್ನು ಅಡ್ಡ ಹಾಕಿಯೇ ಇಡಿ, ಆನ್ ಮಾಡುವ ಮುನ್ನ ನೆನಪಿಟ್ಟು ತೆಗೆಯಿರಿ.

ಮೊದಲ ಸಲ ಆನ್ ಮಾಡುವಾಗ ಮೇನ್ಸ್‌ಗೆ ಸೀರೀಸ್‌ನಲ್ಲಿ ಹಳೇ ಫಿಲಮೆಂಟ್ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಬಲ್ಬ್ ಮಿನುಗಿ ಮಂಕಾದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಅಳೆಯಲು ಮೀಟರಿನ ಕ್ಲಿಪ್‌ಗಳನ್ನು ಆಫ್ ಇದ್ದಾಗಲೇ ಸಿಕ್ಕಿಸಿ, ಆಮೇಲೆ ಆನ್ ಮಾಡಿ ದೂರದಿಂದ ಓದಿ. ಆನ್ ಇರುವ ಸರ್ಕ್ಯೂಟನ್ನು ಮುಟ್ಟಲೇಬೇಕಾದ ಪ್ರಸಂಗ ತಂದುಕೊಳ್ಳಬೇಡಿ. ಮೇನ್ಸ್ ಬೋರ್ಡಿನಲ್ಲಿ ಆರ್‌ಸಿಡಿ (ಕರೆಂಟ್ ಅರ್ತ್‌ಗೆ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆ ಎಂಬ ಧೈರ್ಯವೂ ಬೇಡ. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಕಡೆ ಹೊಡೆಯುವ ಶಾಕ್ ಅದಕ್ಕೆ ಕಾಣಿಸುವುದೇ ಇಲ್ಲ.

ಉಳಿದದ್ದು ಸುಲಭ: ಲೋಹದ ಪೆಟ್ಟಿಗೆ, ಅದಕ್ಕೆ ಗಟ್ಟಿಯಾದ ಅರ್ತ್, ಸ್ಕ್ರೂ ಬಿಗಿದ ಮುಚ್ಚಳ.

ಇಲ್ಲಿಂದ ಕಿಲೋವೋಲ್ಟ್‌ಗಳ ಕಡೆಗೆ ಹೋಗುವವರಿಗೆ ಒಂದು ಮಾತು. ಕೈಯಲ್ಲಿರುವ ಮಲ್ಟಿಮೀಟರ್ 600 ಅಥವಾ 1000 ವೋಲ್ಟಿಗೇ ನಿಲ್ಲುತ್ತದೆ, ಅಗ್ಗದ್ದರಲ್ಲಿ ಆ ಅಂಕಿಯನ್ನೂ ನಂಬುವಂತಿಲ್ಲ. ಸಪ್ಲೈ ಕಟ್ಟುವ ಮುಂಚೆಯೇ ಸಾವಿರಕ್ಕೆ ಒಂದರಂತೆ ಇಳಿಸುವ ಹೈ ವೋಲ್ಟೇಜ್ ಪ್ರೋಬ್ ಕೊಂಡುಕೊಳ್ಳಿ.